ಬೀಡಿ ಕಟ್ಟುವ ಆಟ

ಬಟ್ಟೆ ಒಣಹಾಕುವ ಆಟ ಅಂತ ಒಂದಿದೆ, ಮೊಬೈಲಿನಲ್ಲಿ. ಬುಟ್ಟಿ ತುಂಬ ಹಸಿ ಬಟ್ಟೆ ಇರುತ್ತದೆ, ಎರಡು ಗೂಟಕ್ಕೆ ಕಟ್ಟಿದ ಹಗ್ಗ ಇರುತ್ತದೆ, ಗಾಳಿ ಬೀಸುತ್ತಿರುತ್ತದೆ. ಒಂದೊಂದೇ ಬಟ್ಟೆಯನ್ನು ಝಾಡಿಸಿ ಹಗ್ಗದ ಮೇಲೆ ಹಾಕಿ ಕ್ಲಿಪ್ಪು ಸಿಕ್ಕಿಸಬೇಕು. ಅಷ್ಟೇ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಬುಟ್ಟಿ ಖಾಲಿಯಾದರೆ ಇನ್ನೊಂದು ಬುಟ್ಟಿ ಬರುತ್ತದೆ. ನನ್ನ ಮಗಳು ಇದನ್ನು ಮೊದಲ ಸಲ ತೋರಿಸಿದಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹಿತ್ತಲಲ್ಲಿ ಎರಡು ದಿನದ ಬಟ್ಟೆ ಬಕೆಟ್ಟಿನಲ್ಲಿ ನೆನೆದು ನಾರುತ್ತಿದ್ದವು.

"ಇದನ್ನ ಯಾರರೆ ಆಡ್ತಾರೇನ?" ಅಂದೆ.

"ಜಗತ್ತೆಲ್ಲಾ ಆಡತೈತಿ ಮಮ್ಮಿ," ಅಂದಳು.

ಅವಳು ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದಳು. ಚಿಕ್ಕೋಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬೇರೆ ಮಕ್ಕಳು ಬಂದೂಕು ಹಾರಿಸುವ ಆಟ ಆಡಿದರೆ ಇವಳಿಗೆ ಇಂಥ ತಲೆಕೆಟ್ಟ ಆಟಗಳನ್ನು ಹುಡುಕಿ ಹುಡುಕಿ ಕೂಡಿಹಾಕುವ ಹುಚ್ಚು. ಒಂದರಲ್ಲಿ ಇಬ್ಬರು ಸೇರಿ ಇಕ್ಕಟ್ಟು ಮೆಟ್ಟಿಲ ಮೇಲೆ ಕಪಾಟು ಏರಿಸಬೇಕು. ಇನ್ನೊಂದರಲ್ಲಿ ನೀವು ಎಮ್ಮೆ. ರಸ್ತೆಯ ನಡುವೆ ನಿಂತರೆ ಆಯಿತು, ಲಾರಿ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತವೆ, ನೀವು ಕದಲಬಾರದು. ಮತ್ತೊಂದರಲ್ಲಿ ಬರೇ ಸರದಿಯಲ್ಲಿ ನಿಲ್ಲುವುದು. ನಿಂತು ನಿಂತು ಕಿಟಕಿಯ ಹತ್ತಿರ ಹೋದಾಗ ಊಟದ ಹೊತ್ತಾಯಿತೆಂದು ಕಿಟಕಿ ಮುಚ್ಚುತ್ತಾರೆ. ಇಂಥ ಆಟ ಮಾಡಿದವನಿಗೆ ಮಾಡಲು ಬೇರೆ ಬದುಕಿರಲಿಲ್ಲವೇ ಅಂದರೆ, ಬೇಸರದ ಕೆಲಸವೇ ಆಟವಾದರೆ ಜನ ಬಿಡುವುದಿಲ್ಲ ಎಂದು ತನ್ನ ಸಿದ್ಧಾಂತ ಹೇಳುತ್ತಿದ್ದಳು. ಅವಳ ಮಾತು ನಾನು ಒಪ್ಪಿರಲಿಲ್ಲ. ಆದರೆ ಸುಳ್ಳೇಕೆ ಹೇಳಲಿ, ನಾನು ಚಿಕ್ಕೋಡಿಯಿಂದ ರಾಯಬಾಗದ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಒಂದು ದಿನ ಬೇಜಾರಿಗೆ ಆ ಬಟ್ಟೆಯ ಆಟ ತೆರೆದವಳು ಆಮೇಲೆ ದಿನಾ ಒಣಹಾಕತೊಡಗಿದೆ. ಆ ಬಟ್ಟೆಗಳಲ್ಲಿ ಯಾವುದನ್ನೂ ನಾನು ಒಗೆದಿರಲಿಲ್ಲ, ಅದೊಂದು ಸುಖ.

ಇದು ನಡೆದದ್ದು ಅವ್ವನಿಗೆ ಲಕ್ವಾ ಹೊಡೆಯುವ ಮೊದಲು. ಆಮೇಲೆ ಬಸ್ಸೂ ಇಲ್ಲ, ಆಟವೂ ಇಲ್ಲ.

ಗಣಪತಿ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಅವ್ವ ಬಚ್ಚಲಿನಲ್ಲಿ ಬಿದ್ದಳು. ಮೀರಜಿನ ಆಸ್ಪತ್ರೆಗೆ ಒಯ್ದೆವು. ಹನ್ನೆರಡು ದಿನದ ಮೇಲೆ ಮನೆಗೆ ಕರೆತಂದಾಗ ಮಾತು ಸ್ವಲ್ಪ ತೊದಲುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಬಲಗೈ ಮೊಣಕೈವರೆಗೆ ಏಳುತ್ತಿತ್ತು, ಬೆರಳುಗಳು ಮಾತ್ರ ಮಡಚಿದಲ್ಲೇ ಇದ್ದವು. ಮೊದಲ ಕೆಲವು ತಿಂಗಳಲ್ಲಿ ಬೆರಳು ಆಡಿಸಿದಷ್ಟೂ ಬರುತ್ತದೆ, ಬಿಟ್ಟರೆ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ನನ್ನ ಗಂಡ ತೀರಿಹೋಗಿ ಆರು ವರ್ಷವಾಗಿದೆ. ನನಗೆ ಒಡಹುಟ್ಟಿದವರಿಲ್ಲ. ಮನೆಯಲ್ಲಿ ನಾವು ಮೂವರೇ ಹೆಂಗಸರು. ಮಗಳು ಬೆಳಿಗ್ಗೆ ಕಾಲೇಜಿಗೆ ಹೋದರೆ ಬರುವುದು ಸಂಜೆ. ನಾನು ರಜೆ ಹಾಕಿದೆ. ಎತ್ತಿ ಕೂಡಿಸುವುದು, ಬಚ್ಚಲಿಗೆ ಒಯ್ಯುವುದು, ಇವನ್ನೆಲ್ಲ ಪಕ್ಕದ ಓಣಿಯ ಒಬ್ಬ ಹೆಣ್ಣುಮಗಳನ್ನು ಇಟ್ಟರೆ ಮಾಡಿಸಬಹುದಿತ್ತು, ಇಟ್ಟೂ ನೋಡಿದೆ. ತೊಡಕಾದದ್ದು ಊಟ. ಅವ್ವ ಆಕೆಯ ಕೈತುತ್ತಿಗೆ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿ ಕೂತಳು. ಎಡಗೈ ಚೆನ್ನಾಗಿಯೇ ಇತ್ತು, ಅದರಲ್ಲಿ ಉಣ್ಣು ಅಂದರೆ ನನ್ನನ್ನೇ ನೋಡಿ ಹೇಳಿದಳು.

"ಯಾವ ಕೈಲೆ ತೊಳಕೋತೇನಿ, ಅದೇ ಕೈಲೆ ಉಣ್ಣಲೇನು?"

"ಚಮಚೆ ಹಿಡಿ ಯವ್ವಾ."

"ಚಮಚೆ ಹಿಡಿಯೂದು ಎಡಗೈಯೇ ಹೌದಲ್ಲ?"

ಎಪ್ಪತ್ತೆರಡು ವರ್ಷದ ಮುದುಕಿಯ ಹಟವೆಂದು ಮೊದಲು ಬೈದುಕೊಂಡೆ. ಆದರೆ ನಾನೇ ಎಡಗೈಯಲ್ಲಿ ಒಂದು ತುತ್ತು ಬಾಯಿಗಿಟ್ಟು ನೋಡಿದೆ, ನುಂಗಲಾಗಲಿಲ್ಲ. ಹೀಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನಾನೇ ರೊಟ್ಟಿ ಮುರಿದು, ಸಾರಿನಲ್ಲಿ ಮೆದು ಮಾಡಿ, ಬಾಯಿಗಿಡಬೇಕು. ಒಂದು ಊಟಕ್ಕೆ ಒಂದು ತಾಸು. ಅವ್ವ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ನನ್ನ ಮುಖ ನೋಡಲು ಅವಳಿಗೆ ನಾಚಿಕೆ. ನನಗೆ ದಣಿವು. ಕೆಲವೊಮ್ಮೆ ಬೇಗ ನುಂಗಲಿ ಎಂದು ಮುಂದಿನ ತುತ್ತನ್ನು ಬಾಯಿಯ ಮುಂದೆಯೇ ಹಿಡಿದು ಕೂರುತ್ತಿದ್ದೆ. ಅದು ತಪ್ಪು ಅಂತ ಗೊತ್ತಿದ್ದೂ ಹಿಡಿಯುತ್ತಿದ್ದೆ.

ರಜೆ ಸಂಕ್ರಾಂತಿಯವರೆಗೆ ಇತ್ತು. ಮಧ್ಯಾಹ್ನದ ತುತ್ತಿಗೆ ರಾಯಬಾಗದಿಂದ ಬಂದು ಹೋಗುವುದು ಆಗದ ಮಾತು. ದೀಪಾವಳಿಯ ಹತ್ತಿರ ಒಂದು ದಿನ, ಕೈ ತೊಳೆಸಿ ಬಾಯಿ ಒರೆಸಿದ ಮೇಲೆ ಅವ್ವನಿಗೆ ಹೇಳಿಬಿಟ್ಟೆ.

"ಯವ್ವಾ, ನಾ ನೌಕರಿ ಬಿಡಬೇಕಂತ ಮಾಡೇನಿ. ಬರೂ ಪಿಂಚಣಿಯೊಳಗ ಹೆಂಗೋ ಆಕ್ಕೈತಿ."

"ಎಂದ ಬಿಡತಿ?"

"ಸಂಕ್ರಾಂತಿಗೆ."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಆ ಸಂಜೆ ನನ್ನ ಕೈಯಿಂದಲೂ ಉಣ್ಣಲಿಲ್ಲ.

ಈ ನೌಕರಿಯ ವಿಷಯ ಇಲ್ಲಿ ಹೇಳಬೇಕು. ಅವ್ವ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ನಮ್ಮ ಓಣಿಯ ಎಲ್ಲ ಹೆಂಗಸರೂ ಕಟ್ಟುತ್ತಿದ್ದರು, ಅವರ ಹೆಣ್ಣುಮಕ್ಕಳೂ ಏಳೆಂಟು ವರ್ಷಕ್ಕೆ ಪಕ್ಕದಲ್ಲಿ ಕೂತು ದಾರ ಸುತ್ತುವುದನ್ನು ಕಲಿಯುತ್ತಿದ್ದರು. ನನ್ನ ಗೆಳತಿಯರೆಲ್ಲ ಕಲಿತರು. ನಾನು ಒಮ್ಮೆ ಆಸೆಗೆ ಒಂದು ಎಲೆ ಎತ್ತಿಕೊಂಡದ್ದಕ್ಕೆ ಅವ್ವ ಕತ್ತರಿಯ ಹಿಂಬದಿಯಿಂದ ಬೆರಳ ಗಂಟಿನ ಮೇಲೆ ಹೊಡೆದಳು. "ನೀ ಎಲಿ ಮುಟ್ಟಬ್ಯಾಡ," ಅಂದಳು. ಕಾರಣ ಹೇಳಲಿಲ್ಲ. ತೊಡೆಯ ಮೇಲೆ ಎಲೆ, ತಂಬಾಕಿನ ಮೊರ ಇಟ್ಟುಕೊಂಡು ಅವಳು ಕಟ್ಟುತ್ತಲೇ ಇದ್ದಳು, ಎದುರಿಗೆ ಕೂತು ನಾನು ಓದುತ್ತಲೇ ಇದ್ದೆ. ನನ್ನ ನೇಮಕಾತಿಯ ಪತ್ರ ಬಂದ ದಿನ ಮೊರ, ಕತ್ತರಿ, ಎಲೆ ಕತ್ತರಿಸುವ ತಗಡಿನ ಅಚ್ಚು ಎಲ್ಲವನ್ನೂ ಪಕ್ಕದ ಮನೆಯವಳಿಗೆ ಕೊಟ್ಟು ಕೈ ತೊಳೆದುಕೊಂಡಳು. ಆಮೇಲೆ ನಮ್ಮ ಮನೆಯಲ್ಲಿ ಬೀಡಿಯ ಮಾತೇ ಇಲ್ಲ. ನನ್ನ ಮಗಳು ಬೀಡಿ ಎಲೆ ಹೇಗಿರುತ್ತದೆ ಎಂದು ನೋಡದೆಯೇ ಬೆಳೆದಳು.

ಬೆರಳಿನ ಕಸರತ್ತಿಗೆಂದು ವಾರಕ್ಕೆರಡು ಸಲ ಒಬ್ಬ ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಮೆತ್ತನೆಯ ಚೆಂಡು ಕೊಟ್ಟು ಒತ್ತು ಅನ್ನುತ್ತಿದ್ದಳು. ಅವ್ವ ಚೆಂಡನ್ನು ಹಾಸಿಗೆಯ ಕೆಳಗೆ ಉರುಳಿಸುತ್ತಿದ್ದಳು. ಕೈಗೆ ಬಲ ಬಂದ ಮೇಲೆ ಒತ್ತುತ್ತೇನೆ ಅಂತ ಅವ್ವ, ಒತ್ತಿದರೇನೇ ಬಲ ಬರುವುದು ಅಂತ ಆ ಹುಡುಗಿ. ಹುಚ್ಚು ಬಿಟ್ಟ ಹೊರತು ಮದುವೆ ಆಗೂದಿಲ್ಲ, ಮದುವೆ ಆದ ಹೊರತು ಹುಚ್ಚು ಬಿಡೂದಿಲ್ಲ ಅನ್ನುವ ಲೆಕ್ಕ. ನಾನು ನಡುವೆ ನಿಂತು ಚೆಂಡು ಹುಡುಕುತ್ತಿದ್ದೆ.

ಆಗಲೇ ಮಗಳು ಬೀಡಿಯ ಆಟ ಮಾಡುತ್ತೇನೆ ಅಂದದ್ದು. ಕಾಲೇಜಿನ ಕೊನೆಯ ಪ್ರಾಜೆಕ್ಟಿಗೆ ಏನಾದರೂ ಮಾಡಿ ತೋರಿಸಬೇಕಿತ್ತು. ಒಂದು ಹಳೆಯ ಟ್ಯಾಬ್ ಇತ್ತು. ಆಯಿಗೆ ಚೆಂಡು ಬೇಡವಾದರೆ ಅವಳ ಬೆರಳಿಗೆ ಗೊತ್ತಿರುವ ಕೆಲಸವನ್ನೇ ಕೊಡೋಣ ಎಂಬುದು ಅವಳ ತರ್ಕ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಪರದೆಯ ಮೇಲೆ ಎಲೆ, ಅದರ ಮೇಲೆ ತಂಬಾಕು, ಹೆಬ್ಬೆರಳು ತೋರುಬೆರಳು ಎರಡನ್ನೂ ಇಟ್ಟು ಸುರುಳಿ ಸುತ್ತಬೇಕು, ತುದಿ ಮಡಚಬೇಕು, ದಾರ ಸುತ್ತಬೇಕು. ಕಾಲೇಜಿನಲ್ಲಿ ಇದನ್ನು ಕೇಳಿ ನಕ್ಕರಂತೆ. ನಾನು ನಗಲಿಲ್ಲ, ಬೇಡ ಅಂದೆ. ಆ ಮಾತನ್ನು ಅವ್ವನ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. ಮಗಳು ಅವಳ ಅಪ್ಪನಂತೆ, ಬೇಡ ಅಂದದ್ದನ್ನೇ ಮಾಡುವವಳು. ಯಾವುದೋ ವಿಡಿಯೋ ನೋಡಿಕೊಂಡು ಮೂರು ವಾರದಲ್ಲಿ ಮಾಡಿದಳು.

ಮೊದಲ ಆಟ ಬಣ್ಣ ಬಣ್ಣವಾಗಿತ್ತು. ಒಂದು ಬೀಡಿ ಮುಗಿದರೆ ನಕ್ಷತ್ರ ಸಿಡಿಯುತ್ತಿದ್ದವು, ಗಂಟೆ ಬಾರಿಸುತ್ತಿತ್ತು. ಅವಳು ಅದನ್ನು ಒಯ್ದು ಆಯಿಯ ತೊಡೆಯ ಮೇಲಿಟ್ಟಳು. ಬೈಗುಳ ಬೀಳುತ್ತದೆ ಎಂದು ನಾನು ಅಡಿಗೆ ಮನೆಯ ಬಾಗಿಲಲ್ಲೇ ನಿಂತೆ. ಅವ್ವ ಬಹಳ ಹೊತ್ತು ನೋಡಿದಳು.

"ಇದೇನ ಲಗ್ನದ ಮಂಟಪ ಏನ?" ಅಂದಳು. ಆಮೇಲೆ, "ಎಲಿ ಯಾರ ನೆನಸ್ಯಾರ?"

"ನೆನಸೂದಂದ್ರ?"

"ಒಣಾ ಎಲಿ ಸುತ್ತಿದ್ರ ಪಟಕ್ಕನ ಮುರೀತೈತಿ. ಹಿಂದಿನ ದಿನ ನೀರಾಗ ಹಾಕಿ, ತಗದು, ಹಸಿ ಅರಿವ್ಯಾಗ ಸುತ್ತಿ ಇಡಬೇಕ. ಮರದಿನ ಮುಂಜಾನೆ ಕತ್ತರಿ. ಇಷ್ಟೂ ಗೊತ್ತಿಲ್ಲೇನ ನಿಮಗ?"

ಇಷ್ಟು ಉದ್ದ ಮಾತನ್ನು ಅವ್ವ ಮೀರಜಿನಿಂದ ಬಂದ ಮೇಲೆ ಆಡಿರಲಿಲ್ಲ. ನಿಮಗೆ ಅಂದದ್ದು ನನ್ನನ್ನೂ ಸೇರಿಸಿ. ಅದು ನ್ಯಾಯವೇ ಆಗಿತ್ತು. ನನ್ನ ಬಾಲ್ಯದಲ್ಲಿ ಮನೆಯ ಮೂಲೆಯಲ್ಲಿ ಆ ಹಸಿ ಅರಿವೆಯ ಗಂಟು ಇಲ್ಲದ ದಿನವಿರಲಿಲ್ಲ. ಶಾಲೆಯ ಅಂಗಿಗೂ ಅದರ ವಾಸನೆ ಇತ್ತು. ಮಗಳು ಆಟ ತೋರಿಸಿದಾಗ ನನಗೂ ನೆನಪಾಗಲಿಲ್ಲ. ಅದನ್ನು ನಾನು ಕೆಲಸವೆಂದು ನೋಡಿರಲೇ ಇಲ್ಲ.

ಮಗಳು ನಕ್ಷತ್ರ, ಗಂಟೆಗಳನ್ನು ಕಿತ್ತುಹಾಕಿದಳು. ಎಲೆ ನೆನೆಸುವುದನ್ನು ಸೇರಿಸಿದಳು. ಅದನ್ನು ಸೇರಿಸಿದ ರೀತಿ ಕೇಳಿ ನನಗೆ ಅವಳ ತಲೆ ಪೂರ್ತಿ ಕೆಟ್ಟಿತೆಂದೇ ಅನ್ನಿಸಿತು. ಇವತ್ತು ಎಲೆಯನ್ನು ನೀರಿಗೆ ಹಾಕಿದರೆ ಆಟ ಅಲ್ಲಿಗೆ ಬಂದ್. ನಿಜವಾದ ಮರುದಿನ ಬೆಳಗಾಗುವ ತನಕ ತೆರೆಯುವುದಿಲ್ಲ. ಹಾಕಲು ಮರೆತರೆ ಮರುದಿನವೂ ಇಲ್ಲ. ಆಡಗೊಡದ ಆಟ ಯಾರಿಗೆ ಬೇಕು ಎಂದು ನಾನು ಕೇಳಿದೆ. ನೋಡೋಣ ಅಂದಳು.

ಮರುದಿನ ಬೆಳಿಗ್ಗೆ ನಾನು ಚಹಾ ಒಯ್ದಾಗ ಅವ್ವ ಎದ್ದು ಗೋಡೆಗೆ ಒರಗಿ ಕೂತಿದ್ದಳು. ತಾನೇ ಎದ್ದು ಕೂತದ್ದು ಅದೇ ಮೊದಲು.

"ಎಲಿ ನೆಂದಿರಬೇಕ. ತಾ ಇಲ್ಲೆ," ಅಂದಳು.

ಎಡಗೈಯಿಂದ ಬಲಗೈಯನ್ನು ಎತ್ತಿ ಪರದೆಯ ಮೇಲೆ ಇಟ್ಟುಕೊಂಡಳು. ಬೆರಳು ಏಳಲಿಲ್ಲ. ಎಡಗೈಯಿಂದಲೇ ಬಲಗೈಯ ಹೆಬ್ಬೆರಳನ್ನು ಹಿಡಿದು ದಬ್ಬಿದಳು. ಎಲೆ ಅರ್ಧ ಸುತ್ತಿ ಬಿಚ್ಚಿಕೊಂಡಿತು. ಮತ್ತೆ ದಬ್ಬಿದಳು. ನನಗೆ ನೋಡಲಾಗದೆ ಒಳಗೆ ಬಂದು ಹಿಟ್ಟು ನಾದತೊಡಗಿದೆ. ಒಂದು ತಾಸಿನ ಮೇಲೆ ಬಂದು ನೋಡಿದರೆ ಇನ್ನೂ ದಬ್ಬುತ್ತಿದ್ದಳು. ಅವತ್ತು ಒಂದೂ ಬೀಡಿ ಆಗಲಿಲ್ಲ.

ನಾಲ್ಕು ದಿನದ ಮೇಲೆ ಒಂದಾಯಿತು. ಅದನ್ನು ನೋಡಿ ಮಗಳಿಗೆ ಖುಷಿ, ಅವ್ವನಿಗೆ ಅನುಮಾನ.

"ಇಷ್ಟ ಸಡ್ಲ ಐತಿ. ಇದನ್ನ ತಗೋತಾರೇನ?"

"ನೀ ಕಟ್ಟಿದ್ದೆಲ್ಲಾ ತಗೋತೈತಿ ಬೇ ಆಯಿ."

"ಹಂಗಾರ ಇದು ಖೊಟ್ಟಿ ಆಟ. ಛಾಟ ಎಲ್ಲೈತಿ?"

ಹೆಂಗಸರು ಕಟ್ಟಿ ಒಯ್ದ ಬೀಡಿಯನ್ನು ಕಾರ್ಖಾನೆಯಲ್ಲಿ ಒಬ್ಬ ಕೂತು ನೋಡುತ್ತಿದ್ದ. ಸಡಿಲಾದದ್ದು, ತುದಿ ಒಡೆದದ್ದು, ಸೊಟ್ಟಗಿದ್ದದ್ದು ಎಲ್ಲವನ್ನೂ ಮುರಿದು ಪಕ್ಕಕ್ಕೆ ಎಸೆಯುತ್ತಿದ್ದ. ಅದಕ್ಕೆ ಛಾಟ ಅನ್ನುತ್ತಿದ್ದರು. ಎಸೆದು ಮುಖ ಎತ್ತದೆ "ಪುಢ್ಚಿ" ಅನ್ನುತ್ತಿದ್ದ, ಮುಂದಿನವಳು ಬರಲಿ ಅಂತ ಮರಾಠಿಯಲ್ಲಿ. ಅವ್ವ ಇದೆಲ್ಲವನ್ನೂ ಹೇಳಿ, ಅವನನ್ನೂ ಆಟದಲ್ಲಿ ಕೂಡಿಸು ಅಂದಳು.

"ಆಡೋರಿಗೆ ಸಿಟ್ಟ ಬರತೈತಿ ಆಯಿ."

"ಬರ್ಲಿ. ಸಿಟ್ಟ ಬಂದ್ರನ ಮರದಿನ ಬಿಗಿಯಾಗಿ ಕಟ್ಟೂದು."

ಮಗಳು ತನ್ನ ದನಿಯನ್ನೇ ಗಡಸು ಮಾಡಿ "ಪುಢ್ಚಿ" ಎಂದು ಹೇಳಿ ಸೇರಿಸಿದಳು. ಅದನ್ನು ಕೇಳಿದ ಮೊದಲ ದಿನ ಅವ್ವ ಪರದೆಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಓಣಿಯ ಹೆಂಗಸರು ಇಣುಕಿ ನೋಡಿದರು. ಇದಾದ ಮೇಲೆ ನಮ್ಮ ಮನೆಯ ಬೆಳಗು ಬದಲಾಯಿತು. ಐದೂವರೆಗೆ ಅವ್ವ ಏಳುವುದು, ಚಹಾ, ಆಮೇಲೆ ಎರಡು ತಾಸು ಬೀಡಿ, ಕೊನೆಗೆ ಛಾಟ, ಬೈಗುಳ, ನಾಳೆಗೆ ಎಲೆ ನೆನೆಹಾಕುವುದು. ಚೆಂಡು ತರುತ್ತಿದ್ದ ಹುಡುಗಿ ಒಂದು ದಿನ ಇದನ್ನು ನೋಡಿ, ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚಿ ನೋಡಿ, "ಇದನ್ನ ಬಿಡಬ್ಯಾಡ್ರಿ ಅಜ್ಜಿ," ಅಂದು ಚೆಂಡನ್ನು ಚೀಲದಲ್ಲಿ ಹಾಕಿಕೊಂಡಳು.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಳು. ಟ್ಯಾಬ್ ಪಕ್ಕದಲ್ಲಿತ್ತು. ಅವತ್ತು ಬೆಳಗಿನ ಎಲೆ ಉಳಿದಿತ್ತು, ನಾಳೆಯದನ್ನು ಇನ್ನೂ ನೆನೆಹಾಕಿರಲಿಲ್ಲ. ನಾನು ಎತ್ತಿಕೊಂಡು ಒಂದು ಸುತ್ತಿ ನೋಡಿದೆ. ಬರಲಿಲ್ಲ. ಇನ್ನೊಂದು. ಐವತ್ತೊಂದನೇ ವಯಸ್ಸಿಗೆ, ಒಬ್ಬಳೇ ಕೂತು, ಅವ್ವನ ಕೆಲಸ ಎಷ್ಟು ಕಷ್ಟದ್ದೆಂದು ಗಾಜಿನ ಮೇಲೆ ಕಲಿಯುತ್ತಿದ್ದೆ. ಮೂರನೆಯದು ಹೆಚ್ಚುಕಡಿಮೆ ಆಗಿತ್ತು, ಅಷ್ಟರಲ್ಲಿ ನನ್ನ ಮುಂಗೈಯನ್ನು ಯಾರೋ ಹಿಡಿದರು.

"ಇಡ ಅದನ್ನ ಕೆಳಗ," ಅಂದಳು ಅವ್ವ. "ನಿನಗ ಸಣ್ಣಾಕಿದ್ದಾಗ ಹೇಳಿಲ್ಲೇನ?"

"ಇದು ಆಟ ಅಲ್ಲೇನ ಯವ್ವಾ."

"ಏನರೆ ಇರ್ಲಿ. ನೀ ಎಲಿ ಮುಟ್ಟಬ್ಯಾಡ."

ಅವಳು ಹಿಡಿದದ್ದು ಬಲಗೈಯಿಂದ. ಐದೂ ಬೆರಳು ನನ್ನ ಮುಂಗೈಯ ಸುತ್ತ ಇದ್ದವು. ಅವಳ ಕಣ್ಣು ನನ್ನ ಮೇಲಿತ್ತು, ಕೈಯನ್ನು ಅವಳು ಇನ್ನೂ ನೋಡಿರಲಿಲ್ಲ. ನಾನು ಟ್ಯಾಬ್ ಕೆಳಗಿಟ್ಟೆ, ಕೈ ಬಿಡಿಸಿಕೊಳ್ಳಲಿಲ್ಲ.

ಅದಾದ ಹದಿನೈದು ದಿನಕ್ಕೆ ಅವ್ವ ತಾಟನ್ನು ತನ್ನ ಮುಂದೆ ಇಡು ಅಂದಳು. ಮೆತ್ತನೆಯ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಎಡಗೈಯಿಂದ ರೊಟ್ಟಿಯನ್ನು ತಾಟಿಗೆ ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಅಂಚನ್ನು ಹಿಡಿದು ತಿರುವಿದಳು. ಎಲೆ ಸುತ್ತುವ ತಿರುವೇ ಅದು. ತುಂಡು ಹರಿಯಿತು. ಪಲ್ಯಕ್ಕೆ ಅದ್ದಿ ಎತ್ತುವಾಗ ಅರ್ಧ ಸೆರಗಿನ ಮೇಲೆ ಬಿತ್ತು. ನಾನು ಕೈ ಮುಂದೆ ಮಾಡಿದೆ.

"ಸರಿ ಅತ್ತಾಗ," ಅಂದಳು.

ಆ ಒಂದು ರೊಟ್ಟಿಗೆ ಮುಕ್ಕಾಲು ತಾಸು ಹಿಡಿಯಿತು. ನಾನು ಅಡಿಗೆ ಮನೆಗೆ ಬಂದು ಒಲೆಯ ಕಟ್ಟೆ ಹಿಡಿದು ನಿಂತುಕೊಂಡೆ. ಅಳು ಬರುತ್ತದೆ ಅಂದುಕೊಂಡಿದ್ದೆ, ನಿದ್ದೆ ಬಂತು.

ಸಂಕ್ರಾಂತಿಯ ಮರುದಿನ ನಾನು ಕೆಲಸಕ್ಕೆ ಹೋದೆ. ಪಕ್ಕದ ಓಣಿಯ ಹೆಣ್ಣುಮಗಳು ತಾಟು ಬಡಿಸಿ ಇಡುತ್ತಿದ್ದಳು, ಅವ್ವ ತಾನೇ ಉಣ್ಣುತ್ತಿದ್ದಳು. ಆಫೀಸಿನಲ್ಲಿ ಎಲ್ಲರಿಗೂ ನಾನು ಆಟದ ಕಥೆ ಹೇಳಿದೆ. ಕೇಳದವರಿಗೂ ಹೇಳಿದೆ. ನಕ್ಷತ್ರ ಸಿಡಿಯುವ ಆಟ ಮಾಡಲಾಗದ್ದನ್ನು, ಕಾಯಿಸಿ ಸತಾಯಿಸಿ ಮುರಿದು ಎಸೆಯುವ ಆಟ ಮಾಡಿತು ಅಂದೆ. ಕಾಗವಾಡದ ಕಡೆಯ ಒಬ್ಬರು, ಅವರದು ದ್ರಾಕ್ಷಿ ತೋಟ, ತಮ್ಮ ತಂದೆಗೂ ಹೀಗೇ ಕೈ ಹೋಗಿದೆ, ಬಳ್ಳಿ ಸವರಿ ಚಾಟಣಿ ಮಾಡುವ ಆಟ ಮಾಡಿಕೊಡುತ್ತಾಳೇನು ಕೇಳಿ ಅಂದರು. ಮಗಳು ಹಿಗ್ಗಿದಳು. ಪ್ರಾಜೆಕ್ಟಿನ ವರದಿಯಲ್ಲಿ, ಬೇಸರದ ಕೆಲಸದಲ್ಲೂ ಮನಸ್ಸಿಗೆ ಹಿಡಿಸುವ ಒಂದು ರುಚಿ ಇರುತ್ತದೆ ಎಂದು ಎರಡು ಪುಟ ಬರೆದಳು. ಓದಿ ನಾನು ಸೈ ಅಂದೆ. ಅವ್ವನೇ ಅದಕ್ಕೆ ಸಾಕ್ಷಿ ಎಂದು ನನಗೂ ಅನ್ನಿಸಿತ್ತು.

ಆ ವಾರದ ಕೊನೆಗೆ, ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಮಗಳು ಟ್ಯಾಬ್ ಹಿಡಿದು ಮುಖ ಇಳಿಬಿಟ್ಟು ಕೂತಿದ್ದಳು. ಆಯಿ ಆರು ದಿನದಿಂದ ಆಟ ತೆರೆದೇ ಇರಲಿಲ್ಲ. ನಾನು ಕೆಲಸಕ್ಕೆ ಹೋದ ದಿನದಿಂದ.

"ನೆನೆಹಾಕಿದ ಎಲಿ ಹಂಗ ಅದಾವ ಆಯಿ. ಕೊಳತ ಹೊಕ್ಕಾವ," ಅಂದಳು.

"ಕೊಳೀಲಿ," ಅಂದಳು ಅವ್ವ. ಅವಳ ಮುಂದೆ ತಾಟಿತ್ತು. ತುಂಡು ಮುರಿಯುತ್ತಿದ್ದಳು.

ನಾನು ಚೀಲ ಇಟ್ಟು ಎದುರಿಗೆ ಕೂತೆ. "ಯಾಕ ಯವ್ವಾ? ಅಷ್ಟ ಸೇರತಿತ್ತಲ್ಲ ನಿನಗ ಅದು."

ಅವ್ವ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಅನ್ನುವ ಆಯಾಸವಿತ್ತು.

"ಸೇರೂದು? ಹನ್ನೊಂದ ವರ್ಸದಾಕಿ ಇದ್ದಾಗ ಹಿಡದೇನಿ ಎಲಿ. ಒಂದ ದಿನಾನೂ ಸೇರಿಲ್ಲ. ಆಗೂ ಇಲ್ಲ, ಈಗೂ ಇಲ್ಲ."

"ಮತ್ತ ದಿನಾ ಮುಂಜಾನೆದ್ದ ಕುಂದರತಿದ್ದೆಲ್ಲ?"

"ನೀ ನೌಕರಿ ಬಿಡತೇನಿ ಅಂದಿ," ಅಂದಳು. ತುಂಡನ್ನು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡಳು.

ಮಗಳು ಒಮ್ಮೆ ನನ್ನನ್ನು, ಒಮ್ಮೆ ಆಯಿಯನ್ನು ನೋಡಿ ಟ್ಯಾಬ್ ಮುಚ್ಚಿದಳು. ಕಂಡಕಂಡವರ ಮುಂದೆಲ್ಲ ನಾನು ಆಟವನ್ನು ಹೊಗಳಿಕೊಂಡು ಬಂದಿದ್ದೆ. ಅವ್ವನಿಗೆ ಒಂದೂ ಮೆಚ್ಚುಗೆಯ ಮಾತು ಹೇಳಿರಲಿಲ್ಲ.